ಮಳೆ ತಪ್ಪಿದ ವರ್ಷ ಮಾರಿದ ಹಸು



ಬರದ ಮಾತು ಬಂದಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ ಬೆಳೆ ಎಷ್ಟು ಹೋಯಿತು ಎಂಬುದು. ದನಕರುಗಳ ವಿಚಾರ ಆಮೇಲೆ ಬರುತ್ತದೆ. ನಾನು ಇವತ್ತು ಹೇಳಹೊರಟಿರುವ ನಾಡಿನಲ್ಲಿ ಬಿತ್ತನೆಯನ್ನೇ ಕಾಣದ ಸಾವಿರಾರು ಎಕರೆಯ ಬಯಲುಗಳಿವೆ. ಅಲ್ಲಿ ಬಿದ್ದ ಮಳೆ ಹುಲ್ಲಾಗಬೇಕು, ಹುಲ್ಲು ತಿಂದ ಹಸು ಕರು ಹಾಕಬೇಕು, ಕರು ಮಾರಿದ ಹಣದಲ್ಲಿ ವರ್ಷವಿಡೀ ಮನೆ ನಡೆಯಬೇಕು. ಅಮೆರಿಕದ ಟೆಕ್ಸಸ್ ರಾಜ್ಯದ ರ‍್ಯಾಂಚುಗಳು, ಅಂದರೆ ಹುಲ್ಲುಗಾವಲನ್ನೇ ನಂಬಿ ದನ ಸಾಕುವ ಹಿಡುವಳಿಗಳು, ಬರವನ್ನೂ ಮಾಂಸದ ಮಾರುಕಟ್ಟೆಯ ಏರಿಳಿತವನ್ನೂ ಹೇಗೆ ದಾಟುತ್ತವೆ ಎಂಬುದು ನನ್ನ ವಿಷಯ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅಲ್ಲಿ ಈ ದನಗಳನ್ನು ಸಾಕುವುದು ಹಾಲಿಗಲ್ಲ, ಉಳುಮೆಗಲ್ಲ, ಮಾಂಸಕ್ಕೆ. ಕೇಳುಗರಲ್ಲಿ ಹಲವರಿಗೆ ಇದು ಹಿತವಾದ ಮಾತಲ್ಲವೆಂದು ಬಲ್ಲೆ. ಯಾರ ಊಟದ ಬಗ್ಗೆಯೂ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಪಶುವೈದ್ಯನಾದ ನನ್ನ ಕಣ್ಣು ಮೊದಲು ಹೋಗುವುದು ದನ ಕಟ್ಟಿದವನ ಕಷ್ಟದ ಕಡೆಗೆ. ಮೇವಿಲ್ಲದ ಕಾಲದಲ್ಲಿ ಯಾವ ಹಸುವನ್ನು ಉಳಿಸಿಕೊಳ್ಳಲಿ, ಯಾವುದನ್ನು ಸಂತೆಗೆ ಹೊಡೆಯಲಿ ಎಂದು ನಿದ್ದೆಗೆಡುವವನ ಸಂಕಟ ನಮ್ಮ ಚಳ್ಳಕೆರೆಯಲ್ಲಿ ಹೇಗೋ ಟೆಕ್ಸಸ್ಸಿನ ಸ್ಯಾನ್ ಆಂಜೆಲೋದಲ್ಲೂ ಹಾಗೆಯೇ.

ಟೆಕ್ಸಸ್ ನಮ್ಮ ಕರ್ನಾಟಕದ ಮೂರೂವರೆ ಪಟ್ಟಿಗಿಂತ ದೊಡ್ಡದು. ಪೂರ್ವದ ಅಂಚಿನ ಬೋಮಾಂಟ್ ಪಟ್ಟಣದಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಮಳೆ. ಪಶ್ಚಿಮದ ತುದಿಯ ಎಲ್ ಪಾಸೊದಲ್ಲಿ 230 ಮಿಲಿಮೀಟರ್ ಬಿದ್ದರೆ ಹೆಚ್ಚು. ಪೂರ್ವದಲ್ಲಿ ಕೆಲವೇ ಎಕರೆ ಹುಲ್ಲು ಒಂದು ಹಸುವನ್ನೂ ಅದರ ಕರುವನ್ನೂ ವರ್ಷ ಪೂರ್ತಿ ಸಾಕುತ್ತದೆ. ಪಶ್ಚಿಮಕ್ಕೆ ಹೋದಂತೆ ಅದೇ ಹಸುವಿಗೆ ಇಪ್ಪತ್ತು, ಮೂವತ್ತು, ಕೆಲವು ಕಡೆ ಐವತ್ತು ಎಕರೆಗೂ ಮೀರಿ ಬೇಕು. ಐದುನೂರು ಕಿಲೋ ತೂಗುವ ಹಸು ದಿನಕ್ಕೆ ಹನ್ನೆರಡು ಕಿಲೋದಷ್ಟು ಒಣಮೇವು ತಿನ್ನುತ್ತದೆ. ಹೊಲದಲ್ಲಿ ಎಷ್ಟು ಹಸು ಇರಬಹುದು ಎಂಬುದನ್ನು ತೀರ್ಮಾನಿಸುವುದು ಬೇಲಿಯ ಉದ್ದವಲ್ಲ, ಆ ವರ್ಷದ ಮಳೆ.

ಸಿನಿಮಾಗಳಲ್ಲಿ ನೋಡಿದ ರ‍್ಯಾಂಚುಗಳು ನಮ್ಮ ಕಣ್ಣಲ್ಲಿ ಕೂತಿವೆ. ದಕ್ಷಿಣ ಟೆಕ್ಸಸ್ಸಿನ ಕಿಂಗ್ ರ‍್ಯಾಂಚ್ ಎಂಟು ಲಕ್ಷ ಎಕರೆಗೂ ಹೆಚ್ಚು ಜಮೀನಿರುವ ಹೆಸರುವಾಸಿ ಜಾಗ. ಆದರೆ ಅಮೆರಿಕದಲ್ಲಿ ಮಾಂಸದ ತಳಿಯ ಹಸು ಸಾಕುವವರ ಸರಾಸರಿ ತೆಗೆದರೆ ಒಬ್ಬೊಬ್ಬರ ಹತ್ತಿರ ಐವತ್ತು ತಾಯಿಹಸುಗಳೂ ಇಲ್ಲ. ಬಹಳಷ್ಟು ಕುಟುಂಬಗಳಲ್ಲಿ ಗಂಡನೋ ಹೆಂಡತಿಯೋ ಶಾಲೆಯಲ್ಲಿ, ಬ್ಯಾಂಕಿನಲ್ಲಿ, ತೈಲಬಾವಿಯಲ್ಲಿ ಸಂಬಳಕ್ಕೆ ದುಡಿದು ಬಂದು ಸಂಜೆ ದನ ಎಣಿಸುತ್ತಾರೆ. ಬರ ಬಂದಾಗ ಮೊದಲು ಅಲುಗಾಡುವುದು ಇಂಥ ಮನೆಗಳೇ.

2011ನೇ ವರ್ಷವನ್ನು ಟೆಕ್ಸಸ್ಸಿನ ದನಗಾರರು ಇಂದಿಗೂ ಮರೆತಿಲ್ಲ. ಹಿಂದಿನ ವರ್ಷದ ಅಕ್ಟೋಬರಿನಿಂದ ಆ ವರ್ಷದ ಸೆಪ್ಟೆಂಬರಿನವರೆಗಿನ ಹನ್ನೆರಡು ತಿಂಗಳು ಆ ರಾಜ್ಯದ ದಾಖಲೆಯಲ್ಲೇ ಅತಿ ಒಣ ಅವಧಿ. ಬೇಸಿಗೆಯ ಮೂರು ತಿಂಗಳ ಬಿಸಿಲೂ ದಾಖಲೆ ಮುರಿಯಿತು. ಗೋಕಟ್ಟೆಗಳು ಮೊದಲು ಹಸಿರು ಪಾಚಿ ಕಟ್ಟಿದವು, ಆಮೇಲೆ ಕೆಸರಾದವು. ನೀರು ಹುಡುಕಿ ಇಳಿದ ಬಡಕಲು ಹಸುಗಳು ಆ ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದವು; ಹಗ್ಗ ಹಾಕಿ, ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕಾಗುತ್ತಿತ್ತು. ಒಣಹುಲ್ಲಿನ ಸುರುಳಿಗಳು ದೂರದೂರದ ರಾಜ್ಯಗಳಿಂದ ಲಾರಿಗಳಲ್ಲಿ ಬಂದವು. ಹುಲ್ಲಿನ ಬೆಲೆಗಿಂತ ಸಾಗಣೆಯ ವೆಚ್ಚವೇ ಹೊರೆಯಾಯಿತು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಸಂಸ್ಥೆ ಕಟ್ಟಿದ ಲೆಕ್ಕದ ಪ್ರಕಾರ ಆ ಬರದಿಂದ ರಾಜ್ಯದ ಕೃಷಿಗೆ ಆದ ನಷ್ಟ 762 ಕೋಟಿ ಡಾಲರ್. ಅದರಲ್ಲಿ ಜಾನುವಾರಿನ ಪಾಲೇ 323 ಕೋಟಿ. ಒಂದೇ ವರ್ಷದಲ್ಲಿ ಟೆಕ್ಸಸ್ಸಿನ ಮಾಂಸದ ತಳಿಯ ತಾಯಿಹಸುಗಳ ಸಂಖ್ಯೆ ಆರೂವರೆ ಲಕ್ಷದಷ್ಟು ಇಳಿಯಿತು. ಹೆಚ್ಚುಕಡಿಮೆ ಎಂಟಕ್ಕೊಂದು ಹಸು ಮಂದೆ ಬಿಟ್ಟು ಹೋಯಿತು.

ಅಷ್ಟೂ ಹಸುಗಳು ಸತ್ತವೆಂದು ತಿಳಿಯಬೇಡಿ. ಹೆಚ್ಚಿನವು ಮಾರಿ ಹೋದವು. ಕೆಲವು ಉತ್ತರದ ಹುಲ್ಲಿರುವ ರಾಜ್ಯಗಳಿಗೆ, ಬಹಳಷ್ಟು ಕಸಾಯಿಖಾನೆಗೆ. ನನಗೆ ಮುಖ್ಯವಾಗಿ ಕಾಣುವುದು ಈ ಮಾರಾಟದ ಹಿಂದಿನ ಲೆಕ್ಕ.

ಮಳೆ ತಡವಾದಾಗ ರ‍್ಯಾಂಚಿನವನ ಮುಂದೆ ಎರಡು ದಾರಿ. ಮೇವು ಕೊಂಡು ಹಸುಗಳನ್ನು ಉಳಿಸಿಕೊಳ್ಳುವುದು, ಇಲ್ಲವೇ ಹಸು ಮಾರಿ ಹೊಲವನ್ನು ಉಳಿಸಿಕೊಳ್ಳುವುದು. ಮೊದಲನೆಯ ದಾರಿ ಮನಸ್ಸಿಗೆ ಹತ್ತಿರವಾದದ್ದು. ಇಪ್ಪತ್ತು ಮೂವತ್ತು ವರ್ಷ ಆರಿಸಿ ಆರಿಸಿ ಕಟ್ಟಿದ ಮಂದೆ ಅದು. ಯಾವ ಹಸು ಯಾವ ಹೋರಿಗೆ ಹುಟ್ಟಿದ್ದು, ಯಾವುದು ಕರುವನ್ನು ಕಾಡುಮೃಗಗಳಿಂದ ಕಾಯುತ್ತದೆ, ಯಾವುದು ಮೊಂಡು ಎಂಬುದೆಲ್ಲ ಬಾಯಿಪಾಠ. ಆ ಹೊಲದ ನೀರು ಎಲ್ಲಿದೆ, ಚಳಿಗಾಳಿ ಬೀಸಿದರೆ ಯಾವ ಹಳ್ಳದ ಮರೆಗೆ ನಿಲ್ಲಬೇಕು ಎಂಬುದು ಹಸುಗಳಿಗೂ ಗೊತ್ತು. ಸಂತೆಯಲ್ಲಿ ಕೊಂಡುತಂದ ಹೊಸ ಹಸುವಿಗೆ ಅದನ್ನು ಯಾರು ಕಲಿಸಬೇಕು? ಹಾಗಾಗಿ ಮುಂದಿನ ತಿಂಗಳು ಮಳೆ ಬರಬಹುದು ಎಂದು ಕಾಯುತ್ತಾರೆ. ಕಾಯುತ್ತ ಸಾಲ ಮಾಡಿ ಒಣಹುಲ್ಲು ತರಿಸುತ್ತಾರೆ, ಹತ್ತಿಬೀಜದ ಹಿಂಡಿ ಹಾಕುತ್ತಾರೆ. ಪಾಪಾಸುಕಳ್ಳಿಯನ್ನೂ ಬಿಡುವುದಿಲ್ಲ. ದಕ್ಷಿಣ ಟೆಕ್ಸಸ್ಸಿನಲ್ಲಿ ಗ್ಯಾಸಿನ ಉರಿಕೊಳವೆ ಹಿಡಿದು ಕಳ್ಳಿಯ ಮುಳ್ಳನ್ನು ಸುಡುತ್ತಾ ಹೋಗುತ್ತಾರೆ. ಆ ಉರಿಯ ಸದ್ದು ಕೇಳಿದರೆ ಸಾಕು, ದನಗಳು ದೂರದಿಂದ ಓಡಿಬರುತ್ತವೆ. ಕಳ್ಳಿಯಲ್ಲಿ ನೀರು ಹೆಚ್ಚು, ಕಸುವು ಕಡಿಮೆ. ಜೊತೆಗೆ ಹಿಂಡಿ ಹಾಕದೆ ಅದನ್ನೇ ನಂಬಿದರೆ ಭೇದಿ ಹಿಡಿಯುತ್ತದೆ. ಹಸಿದ ದನ ಬೇಲಿಯಂಚಿನ ಬಾಡಿದ ಜಾನ್ಸನ್ ಹುಲ್ಲಿಗೆ ಬಾಯಿ ಹಾಕಿ ಬಿದ್ದು ಸಾಯುವುದೂ ಉಂಟು. ಅದು ಜೋಳದ ಕುಲದ ಹುಲ್ಲು. ನೀರಿಲ್ಲದೆ ಬಾಡಿದ ಜೋಳದ ಎಳೆಕುಡಿ ತಿಂದ ಎತ್ತು ಏನಾಗುತ್ತದೆಂದು ವಿಜಯಪುರದ ರೈತರಿಗೆ ನಾನು ಹೇಳಬೇಕಿಲ್ಲ.

ಈ ಕಾಯುವಿಕೆಯಲ್ಲಿ ಕಣ್ಣಿಗೆ ಕಾಣದ ನಷ್ಟವೊಂದು ಆಗುತ್ತಿರುತ್ತದೆ. ಅದು ನೆಲದ ಕೆಳಗೆ, ಹುಲ್ಲಿನ ಬೇರಿನಲ್ಲಿ. ಅಮೆರಿಕದ ಕೃಷಿ ಇಲಾಖೆಯ ಫ್ರಾಂಕ್ಲಿನ್ ಕ್ರೈಡರ್ ಎಂಬ ವಿಜ್ಞಾನಿ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. ಹುಲ್ಲಿನ ಎಲೆಭಾಗದ ಅರ್ಧದಷ್ಟನ್ನು ಕತ್ತರಿಸಿದರೆ ಬೇರಿನ ಬೆಳವಣಿಗೆ ಬಹುಪಾಲು ಹಾಗೆಯೇ ಮುಂದುವರಿಯುತ್ತದೆ. ನೂರಕ್ಕೆ ಎಂಬತ್ತು ಪಾಲು ಕತ್ತರಿಸಿದರೆ ಬೇರು ಬೆಳೆಯುವುದು ಪೂರ್ತಿ ನಿಲ್ಲುತ್ತದೆ. ಅರ್ಧ ಮೇಯಿಸಿ ಅರ್ಧ ಬಿಡು ಎಂದು ಅಲ್ಲಿನ ಹುಲ್ಲುಗಾವಲು ತಜ್ಞರು ಹೇಳುವ ಮಾತಿಗೆ ಇದೇ ಆಧಾರ. ಬೇರು ಚಿಕ್ಕದಾದ ಹುಲ್ಲು ಮಳೆ ಬಂದರೂ ಚಿಗುರದು. ಬರಿದಾದ ನೆಲ ಗಟ್ಟಿಯಾಗಿ, ಬಂದ ಮಳೆಯೂ ಇಂಗದೆ ಹರಿದುಹೋಗುತ್ತದೆ. ಆ ಖಾಲಿ ಜಾಗಕ್ಕೆ ಮೆಸ್ಕೀಟ್ ಎಂಬ ಮುಳ್ಳುಮರ ನುಗ್ಗುತ್ತದೆ. ಅದು ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಒಮ್ಮೆ ಬೇರೂರಿದರೆ ಕಿತ್ತು ಮುಗಿಸುವುದು ಎಷ್ಟು ಕಷ್ಟವೆಂದು ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ನೋಡಿದವರಿಗೆ ಗೊತ್ತು.

ನನ್ನ ಅಭಿಪ್ರಾಯವನ್ನು ಇಲ್ಲಿ ನೇರವಾಗಿ ಹೇಳುತ್ತೇನೆ. ರ‍್ಯಾಂಚಿನವನ ಮೂಲ ಬಂಡವಾಳ ಹಸುವಲ್ಲ, ಹುಲ್ಲಿನ ಬೇರು. ಹಸುವನ್ನು ಮತ್ತೆ ಕೊಳ್ಳಬಹುದು. ದುಬಾರಿಯಾದೀತು, ಆದರೆ ಕೊಳ್ಳಬಹುದು. ಬೇರು ಸತ್ತ ಹುಲ್ಲುಗಾವಲನ್ನು ಯಾವ ಸಂತೆಯಲ್ಲೂ ಕೊಳ್ಳಲಾಗದು, ಅದು ಚೇತರಿಸಿಕೊಳ್ಳಲು ಹಲವು ವರ್ಷ ಬೇಕು. ಬರವನ್ನು ದಾಟಿದ ರ‍್ಯಾಂಚುಗಳನ್ನು ಗಮನಿಸಿದರೆ ಬಹುಪಾಲು ಒಂದೇ ಕೆಲಸ ಮಾಡಿವೆ: ಬೇಗ ಮಾರಿವೆ. ಬೇಸಿಗೆಯ ಕೊನೆಗೆ ಕಾಯದೆ, ವಸಂತದಲ್ಲೇ ಇಂತಿಷ್ಟು ಮಳೆ ಇಂತಿಷ್ಟು ತಾರೀಕಿನೊಳಗೆ ಬಾರದಿದ್ದರೆ ಇಂತಿಷ್ಟು ಹಸು ಹೋಗಬೇಕು ಎಂದು ಮುಂಚೆಯೇ ಬರೆದಿಟ್ಟುಕೊಂಡಿವೆ.

ಮಾರುವುದಕ್ಕೂ ಒಂದು ಕ್ರಮವಿದೆ. ಮೊದಲು ಪಶುವೈದ್ಯರನ್ನು ಕರೆಸಿ ಗಬ್ಬ ಪರೀಕ್ಷೆ ಮಾಡಿಸುತ್ತಾರೆ. ಗಬ್ಬ ನಿಲ್ಲದ ಹಸು ಮುಂದಿನ ವರ್ಷ ಕರು ಕೊಡುವುದಿಲ್ಲ, ಮೇವನ್ನು ಮಾತ್ರ ತಿನ್ನುತ್ತದೆ; ಅದು ಮೊದಲು. ಆಮೇಲೆ ಹಲ್ಲು ಸವೆದ ಮುದಿ ಹಸುಗಳು, ಕಣ್ಣು ಕೆಟ್ಟವು, ಕೆಚ್ಚಲು ಕೆಟ್ಟವು, ತಡವಾಗಿ ಕರು ಹಾಕುವವು, ಬೇಲಿ ಹಾರುವವು. ಉಳಿದ ಹಸುಗಳ ಕರುಗಳನ್ನು ಏಳು ತಿಂಗಳವರೆಗೆ ಕುಡಿಯಲು ಬಿಡದೆ ನಾಲ್ಕೈದು ತಿಂಗಳಿಗೇ ಹಾಲು ಬಿಡಿಸುತ್ತಾರೆ. ಹಾಲು ಕೊಡುವುದು ನಿಂತರೆ ತಾಯಿಗೆ ಬೇಕಾದ ಆಹಾರ ಸಾಕಷ್ಟು ತಗ್ಗುತ್ತದೆ, ಮೈಗೂಡಿ ಮತ್ತೆ ಬೆದೆಗೆ ಬರುತ್ತದೆ. ಬೆನ್ನೆಲುಬು, ಪಕ್ಕೆಲುಬು, ಸೊಂಟದ ಮೂಳೆ ನೋಡಿ ಒಂದರಿಂದ ಒಂಬತ್ತರವರೆಗೆ ಮೈಕಟ್ಟಿಗೆ ಅಂಕ ಕೊಡುವ ಪದ್ಧತಿ ಅಲ್ಲಿದೆ. ಕರು ಹಾಕುವ ಹೊತ್ತಿಗೆ ಅಂಕ ಐದಕ್ಕಿಂತ ಕೆಳಗಿದ್ದರೆ ಆ ಹಸು ಸಕಾಲಕ್ಕೆ ಗಬ್ಬ ನಿಲ್ಲುವುದು ಕಷ್ಟ. ಈ ವರ್ಷ ಉಪವಾಸ ಬಿದ್ದ ಹಸು ಮುಂದಿನ ವರ್ಷದ ಕರುವನ್ನೂ ಕಳೆಯುತ್ತದೆ. ಬರದ ಪೆಟ್ಟು ಹೀಗೆ ಒಂದು ವರ್ಷ ಮುಂದಕ್ಕೆ ಜಿಗಿಯುತ್ತದೆ.

ಇನ್ನು ಸಂತೆಯ ಮಾತು. ಬರ ಒಬ್ಬನ ಹೊಲಕ್ಕೆ ಬರುವುದಿಲ್ಲ, ಸೀಮೆಗೇ ಬರುತ್ತದೆ. ಎಲ್ಲರೂ ಒಂದೇ ತಿಂಗಳಲ್ಲಿ ದನ ಹೊಡೆದುಕೊಂಡು ಹರಾಜಿಗೆ ಹೋದರೆ ಕೊಳ್ಳುವವರು ಯಾರು? 2011ರ ಬೇಸಿಗೆಯಲ್ಲಿ ಟೆಕ್ಸಸ್ಸಿನ ಹರಾಜುಕಟ್ಟೆಗಳ ಮುಂದೆ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು. ಮೊದಲು ಮಾರಿದವನಿಗೆ ಒಂದು ದರ, ಕೊನೆಗೆ ಬಡಕಲು ಹಸು ತಂದವನಿಗೆ ಇನ್ನೊಂದು ದರ. ಮಳೆ ಬಂದ ಮೇಲೆ ಎಲ್ಲರಿಗೂ ಒಟ್ಟಿಗೇ ಹಸು ಬೇಕು. ಆಗ ಮಾರಿದ ದರಕ್ಕೆ ಎರಡರಷ್ಟು ಕೊಟ್ಟರೂ ಒಳ್ಳೆಯ ಗಬ್ಬದ ಕಡಸು ಸಿಗುವುದು ಕಷ್ಟ. ಅಗ್ಗದಲ್ಲಿ ಮಾರಿ ತುಟ್ಟಿಯಲ್ಲಿ ಕೊಳ್ಳುವ ಈ ಸುಳಿಯಲ್ಲಿ ಎಷ್ಟೋ ಮನೆಗಳು ದನದ ಕಸುಬನ್ನೇ ಬಿಟ್ಟವು.

ಮಾಂಸದ ಮಾರುಕಟ್ಟೆ ಬರಕ್ಕೆ ತಕ್ಷಣ ಉತ್ತರ ಕೊಡುವುದಿಲ್ಲ, ಏಕೆಂದರೆ ಹಸುವಿನ ದೇಹಕ್ಕೆ ಅದರದೇ ಪಂಚಾಂಗವಿದೆ. ಈ ಶರತ್ಕಾಲದಲ್ಲಿ ಹಾಲು ಬಿಟ್ಟ ಹೆಣ್ಣುಕರುವೊಂದನ್ನು ಮಾರದೆ ಉಳಿಸಿಕೊಂಡಿರಿ ಎನ್ನೋಣ. ಅದು ಹೋರಿಗೆ ಸೇರುವುದು ಹದಿನೈದು ತಿಂಗಳಿಗೆ. ಗಬ್ಬದ ಅವಧಿ ಸುಮಾರು 283 ದಿನ. ಎರಡು ವರ್ಷ ತುಂಬುವ ಹೊತ್ತಿಗೆ ಮೊದಲ ಕರು. ಆ ಕರು ಬೆಳೆದು ಮಾಂಸವಾಗಿ ಅಂಗಡಿ ಸೇರುವಾಗ ಅದಕ್ಕೆ ಒಂದೂವರೆ ವರ್ಷ ದಾಟಿರುತ್ತದೆ. ಇವತ್ತಿನ ತೀರ್ಮಾನದ ಫಲ ಪೇಟೆಗೆ ಬರಲು ಮೂರು ವರ್ಷ ಬೇಕು. ಅಷ್ಟೇ ಅಲ್ಲ, ಬರದ ವರ್ಷ ತಾಯಿಹಸುಗಳು ಕಸಾಯಿಖಾನೆಗೆ ಹೋಗುವುದರಿಂದ ಮೊದಮೊದಲು ಮಾಂಸ ಹೆಚ್ಚಾಗಿ ಬೆಲೆ ಇಳಿಯುತ್ತದೆ. ಮಳೆ ಬಂದ ಮೇಲೆ ಕಡಸುಗಳನ್ನು ಮಾರದೆ ಉಳಿಸಿಕೊಳ್ಳುವುದರಿಂದ ಮಾಂಸ ಇನ್ನಷ್ಟು ಕಡಿಮೆಯಾಗಿ ಬೆಲೆ ಏರುತ್ತದೆ. ಬರ ಬಂದಾಗ ಅಗ್ಗ, ಹುಲ್ಲು ಬಂದಾಗ ತುಟ್ಟಿ. ಪೇಟೆಯಲ್ಲಿ ಮಾಂಸ ಕೊಳ್ಳುವವರಿಗೆ ಇದು ಒಗಟಾಗಿ ಕಾಣುತ್ತದೆ, ದನಗಾರನಿಗೆ ಇದೇ ಬದುಕು.

ಇದು ಹೇಗೆ ಸುತ್ತು ಹೊಡೆಯಿತು ನೋಡಿ. 2011ರ ಬರದ ಬೆನ್ನಿಗೇ 2012ರಲ್ಲಿ ಮಧ್ಯಪಶ್ಚಿಮದ ಮೆಕ್ಕೆಜೋಳದ ಸೀಮೆಗೂ ಬರ ಬಂತು. ಮೆಕ್ಕೆಜೋಳ ಒಂದು ಬುಶೆಲ್‌ಗೆ, ಅಂದರೆ ಇಪ್ಪತ್ತೈದು ಕಿಲೋಗೆ, ಎಂಟು ಡಾಲರ್ ದಾಟಿತು. ಹಾಲು ಬಿಟ್ಟ ಕರುಗಳನ್ನು ಕೊಂಡು ಕಾಳು ತಿನ್ನಿಸಿ ಕೊಬ್ಬಿಸುವ ದೊಡ್ಡ ದೊಡ್ಡಿಗಳು ಉತ್ತರ ಟೆಕ್ಸಸ್ಸಿನ ಅಮರಿಲ್ಲೊ, ಹಿಯರ್‌ಫರ್ಡ್ ಕಡೆ ಇವೆ. ಅವುಗಳಿಗೆ ಫೀಡ್‌ಲಾಟ್ ಎನ್ನುತ್ತಾರೆ. ಕಾಳು ತುಟ್ಟಿಯಾದರೆ ಅವರು ಆ ಹೊರೆಯನ್ನು ಕರುವಿನ ದರದಲ್ಲಿ ಕಡಿತ ಮಾಡುತ್ತಾರೆ. ಹುಲ್ಲು ಕಾಣದ ದನಗಾರನಿಗೆ ತಾನು ಕಾಣದ ಮೆಕ್ಕೆಜೋಳದ ಹೊಲದ ಬರವೂ ತಟ್ಟಿತು. ದನಗಳ ಸಂಖ್ಯೆ ಕುಸಿದದ್ದರಿಂದ 2013ರ ಫೆಬ್ರವರಿಯಲ್ಲಿ ಕಾರ್ಗಿಲ್ ಕಂಪನಿ ಪ್ಲೇನ್‌ವ್ಯೂ ಪಟ್ಟಣದ ತನ್ನ ಮಾಂಸದ ಕಾರ್ಖಾನೆಯನ್ನು ನಿಲ್ಲಿಸಿತು. ಅಲ್ಲಿ ದುಡಿಯುತ್ತಿದ್ದವರು ಸುಮಾರು ಎರಡು ಸಾವಿರ ಮಂದಿ. ಆಮೇಲೆ ಮಳೆ ಬಂತು, ಮೆಕ್ಕೆಜೋಳ ಅಗ್ಗವಾಯಿತು, ದನ ಸಾಲದಾಯಿತು. 2014ರ ಕೊನೆಗೆ ಕೊಬ್ಬಿಸಿದ ದನದ ದರ ನೂರು ಪೌಂಡಿಗೆ, ಅಂದರೆ ನಲವತ್ತೈದು ಕಿಲೋಗೆ, 170 ಡಾಲರ್ ಆಸುಪಾಸು ಮುಟ್ಟಿತು. ಅದು ಆವರೆಗೆ ಕಂಡಿರದ ಬೆಲೆ. ಎಲ್ಲರೂ ಕಡಸು ಕಟ್ಟಿದರು, ಮೂರು ಸಾವಿರ ಡಾಲರ್ ಕೊಟ್ಟು ಕೊಂಡವರೂ ಇದ್ದರು. ಎರಡೇ ವರ್ಷದಲ್ಲಿ, 2016ರ ಅಕ್ಟೋಬರಿನಲ್ಲಿ, ಅದೇ ದರ ನೂರು ಡಾಲರಿನ ಸುತ್ತ ಬಂದು ಬಿತ್ತು. ತುಟ್ಟಿಯಲ್ಲಿ ಕೊಂಡ ಕಡಸಿನ ಎರಡನೆಯ ಕರು ಮಾರುವ ಮೊದಲೇ ಬೆಲೆ ಹೋಯಿತು.

ಬೆಲೆ ಎಲ್ಲಿ ಗೊತ್ತಾಗುತ್ತದೆ ಎಂಬುದು ಇನ್ನೊಂದು ನೋವಿನ ವಿಷಯ. ಅಮೆರಿಕದಲ್ಲಿ ಕೊಬ್ಬಿಸಿದ ದನಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚನ್ನು ಕೊಯ್ದು ಮಾರುವುದು ನಾಲ್ಕೇ ಕಂಪನಿಗಳು: ಟೈಸನ್, ಜೆಬಿಎಸ್, ಕಾರ್ಗಿಲ್, ನ್ಯಾಷನಲ್ ಬೀಫ್. ಹಿಂದೆಯೂ ಇಂಥ ಹಿಡಿತದ ಬಗ್ಗೆ ದೂರುಗಳಿದ್ದವು. ಅದಕ್ಕೆಂದೇ 1921ರಲ್ಲಿ ಪ್ಯಾಕರ್ಸ್ ಅಂಡ್ ಸ್ಟಾಕ್‌ಯಾರ್ಡ್ಸ್ ಕಾಯಿದೆ ಬಂತು. ನೂರು ವರ್ಷದ ಮೇಲೂ ಮಾತು ಮುಗಿದಿಲ್ಲ. 2019ರ ಆಗಸ್ಟಿನಲ್ಲಿ ಕ್ಯಾನ್ಸಸ್ಸಿನ ಹಾಲ್‌ಕಾಂಬಿನಲ್ಲಿ ಟೈಸನ್ನಿನ ಕಾರ್ಖಾನೆಗೆ ಬೆಂಕಿ ಬಿತ್ತು. ಒಂದು ಕಾರ್ಖಾನೆ ನಿಂತದ್ದಕ್ಕೆ ದೇಶದ ತುಂಬ ದನದ ಬೆಲೆ ಇಳಿಯಿತು, ಮಾಂಸದ ಬೆಲೆ ಏರಿತು. ಮುಂದಿನ ವಸಂತದಲ್ಲಿ ಕೊರೋನಾ ಬಂದು ಕಾರ್ಮಿಕರು ಕಾಯಿಲೆ ಬಿದ್ದು ಕಾರ್ಖಾನೆಗಳು ಒಂದರ ಮೇಲೊಂದು ಬಾಗಿಲು ಹಾಕಿದಾಗ ಅದೇ ಇನ್ನೂ ಜೋರಾಗಿ ನಡೆಯಿತು. 2020ರ ಮೇ ತಿಂಗಳಲ್ಲಿ ಸಗಟು ಮಾಂಸದ ದರ ಕೆಲವೇ ವಾರಗಳಲ್ಲಿ ಎರಡು ಪಟ್ಟಾಯಿತು, ದನಗಾರ ಮಾತ್ರ ಮಾರಲಾಗದೆ ಕುಳಿತಿದ್ದ. ಕೊಯ್ಯುವ ಜಾಗ ಇಕ್ಕಟ್ಟಾದರೆ ಈಚೆ ದನ ರಾಶಿ ಬೀಳುತ್ತದೆ, ಆಚೆ ಮಾಂಸ ಸಾಲದಾಗುತ್ತದೆ ಎಂಬ ವಿವರಣೆಯನ್ನು ನಾನು ಒಪ್ಪುತ್ತೇನೆ. ಆದರೆ ಬರದ ಅಪಾಯವನ್ನೆಲ್ಲ ಹೊತ್ತವನಿಗೆ ಬೆಲೆ ಹೇಳುವ ಬಲವೇ ಇಲ್ಲದ ಏರ್ಪಾಡು ನ್ಯಾಯವಾದುದೆಂದು ನಾನು ಎಂದಿಗೂ ಒಪ್ಪಲಾರೆ.

ಸರ್ಕಾರ ಏನು ಮಾಡಿತು ಎಂದು ನೀವು ಕೇಳಬಹುದು. 1934ರ ಮಹಾಬರದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ತಾನೇ ದನ ಕೊಳ್ಳಲು ನಿಂತಿತು. ತಲೆಗೆ ಇಪ್ಪತ್ತು ಡಾಲರಿನವರೆಗೆ ಕೊಟ್ಟಿತು. ಒಟ್ಟು ಎಂಬತ್ತು ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂಡಿತು. ತಿನ್ನಲು ಬರುವಂಥವನ್ನು ಡಬ್ಬಿಗೆ ತುಂಬಿ ಬಡವರಿಗೆ ಹಂಚಿತು. ನಡೆಯಲೂ ಆಗದವನ್ನು ಅಲ್ಲಿಯೇ ಗುಂಡಿಕ್ಕಿ ಕೊಂದು ಹೂತರು. ಸಾಕಿದವರ ಕಣ್ಣೆದುರೇ ಆ ಕೆಲಸ ನಡೆಯಿತು. ಆ ಹಣ ಇಲ್ಲದಿದ್ದರೆ ಬಹಳ ಮನೆಗಳು ಊರು ಬಿಡಬೇಕಿತ್ತು ಎಂಬುದೂ ನಿಜ. ಮುಂದೆ 1950ರಿಂದ 57ರವರೆಗೆ ಟೆಕ್ಸಸ್ಸಿಗೆ ಏಳು ವರ್ಷದ ಬರ ಬಂತು. 1956ರ ಕೊನೆಗೆ ರಾಜ್ಯದ 254 ಜಿಲ್ಲೆಗಳಲ್ಲಿ 244 ಬರಪೀಡಿತವೆಂದು ಘೋಷಣೆಯಾಗಿದ್ದವು. ಸ್ಯಾನ್ ಆಂಜೆಲೋದ ಪತ್ರಿಕೆಯಲ್ಲಿ ಕೃಷಿ ವರದಿಗಾರನಾಗಿದ್ದ ಎಲ್ಮರ್ ಕೆಲ್ಟನ್ ಆ ಬರವನ್ನು ಹತ್ತಿರದಿಂದ ನೋಡಿ 1973ರಲ್ಲಿ ಒಂದು ಕಾದಂಬರಿ ತಂದರು. ಅದರ ನಾಯಕ ಸರ್ಕಾರದ ನೆರವನ್ನು ಕೊನೆಯವರೆಗೂ ಬೇಡವೆನ್ನುವ ದನಗಾರ. ಆ ಸ್ವಾಭಿಮಾನವನ್ನು ಗೌರವಿಸುತ್ತೇನೆ. ಆದರೆ ಏಳು ವರ್ಷದ ಬರವನ್ನು ಒಬ್ಬನೇ ಹೊರಬೇಕೆಂದು ಯಾರನ್ನೂ ಕೇಳಬಾರದು.

ಈಗಿನ ಏರ್ಪಾಡು ಅಂದಿಗಿಂತ ವಾಸಿ. 1999ರಿಂದ ಪ್ರತಿ ವಾರ ದೇಶದ ಬರದ ನಕ್ಷೆಯೊಂದು ಹೊರಡುತ್ತದೆ. ಒಂದು ಜಿಲ್ಲೆಯಲ್ಲಿ ತೀವ್ರ ಬರ ಸತತ ನಾಲ್ಕು ವಾರ ನಿಂತಿತೆಂದು ಆ ನಕ್ಷೆ ತೋರಿಸಿದರೆ ಅಲ್ಲಿನ ಹುಲ್ಲುಗಾವಲಿನವರಿಗೆ ಒಂದು ತಿಂಗಳ ಮೇವಿನ ವೆಚ್ಚದ ಒಂದು ಪಾಲು ಪರಿಹಾರವಾಗಿ ಸಿಗುತ್ತದೆ. ಬರ ಇನ್ನೂ ಬಿಗಿಯಾದರೆ ಹೆಚ್ಚು ತಿಂಗಳಿಗೆ. ಅಧಿಕಾರಿಯ ದಯೆಗೆ ಕಾಯಬೇಕಿಲ್ಲ ಎಂಬುದು ಇದರ ದೊಡ್ಡ ಗುಣ. ನನಗೆ ಇನ್ನೂ ಮೆಚ್ಚಿಗೆಯಾದದ್ದು ಅವರ ತೆರಿಗೆಯ ಒಂದು ನಿಯಮ. ಬರದ ಕಾರಣಕ್ಕೆ ಎಂದಿಗಿಂತ ಹೆಚ್ಚು ಹಸು ಮಾರಬೇಕಾಗಿ ಬಂದರೆ, ಆ ಹಣದಿಂದ ಗೊತ್ತಾದ ಅವಧಿಯೊಳಗೆ ಮತ್ತೆ ಹಸು ಕೊಂಡವರು ಆ ಲಾಭದ ಮೇಲಿನ ತೆರಿಗೆಯನ್ನು ಮುಂದೂಡಬಹುದು. ಬೇಗ ಮಾರಿದವನಿಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುವ ನಿಯಮವದು. ಅದೇ ಹೊತ್ತಿಗೆ ಮೇವಿಗೆ ಕೊಡುವ ಸಹಾಯಧನ ಕೆಲವರನ್ನು ಇನ್ನಷ್ಟು ದಿನ ಕಾಯುವಂತೆ ಮಾಡಿ ಗಾವಲನ್ನು ಸವೆಸುತ್ತದೆ ಎಂಬ ಆತಂಕವೂ ನನಗಿದೆ. ಮೇವಿನ ಹಣ ದನದ ಹೊಟ್ಟೆಗೆ ಹೋಗುತ್ತದೆ. ಅದೇ ಹೊತ್ತು ಆ ದನದ ಗೊರಸು ಗಾವಲಿನ ಮೇಲೇ ಇರುತ್ತದೆ.

ಇಲ್ಲಿ ನಮ್ಮ ನಾಡಿನ ನಂಟೊಂದನ್ನು ಹೇಳದೆ ಮುಂದೆ ಹೋಗಲಾರೆ. ಟೆಕ್ಸಸ್ಸಿನ ಬಿಸಿಲು, ಉಣ್ಣಿ, ಒರಟು ಹುಲ್ಲು ಇವನ್ನು ಯುರೋಪಿನಿಂದ ಬಂದ ತಳಿಗಳು ತಾಳಿಕೊಳ್ಳಲಿಲ್ಲ. ಅಲ್ಲಿನವರು ಭಾರತದ ಡುಬ್ಬದ ದನಗಳನ್ನು ತರಿಸಿದರು. 1906ರಲ್ಲಿ ಹಡಗಿನಲ್ಲಿ ನೇರವಾಗಿ ಇಲ್ಲಿಂದಲೇ ಹೋದವು. ಆಮೇಲೆ ಬ್ರೆಜಿಲ್ ಮಾರ್ಗವಾಗಿಯೂ ಬಂದವು. ಗಿರ್, ಕಾಂಕ್ರೇಜ್, ಓಂಗೋಲ್ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಸೇರಿ ಅಮೆರಿಕದ ಬ್ರಾಹ್ಮನ್ ಎಂಬ ತಳಿ ಆಯಿತು. ಕಿಂಗ್ ರ‍್ಯಾಂಚಿನವರು ಅದನ್ನು ಶಾರ್ಟ್‌ಹಾರ್ನ್ ಜೊತೆ ಕೂಡಿಸಿ ಕಟ್ಟಿದ ಸಾಂತಾ ಗೆರ್ಟ್ರುಡಿಸ್ ತಳಿಗೆ 1940ರಲ್ಲಿ ಮನ್ನಣೆ ಸಿಕ್ಕಿತು. ಸಡಿಲ ಚರ್ಮ, ಗಿಡ್ಡ ಕೂದಲು, ಚೆನ್ನಾಗಿ ಬೆವರುವ ಮೈ, ದೂರ ನಡೆದು ನೀರು ಕುಡಿಯುವ ತಾಳ್ಮೆ, ಇವೆಲ್ಲ ಬರದಲ್ಲಿ ಹಸುವನ್ನು ಕಾಯುತ್ತವೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಸೀಮೆಯ ಆ ದೊಡ್ಡ ಮೈಯ ಕೃಷ್ಣಾ ಕಣಿವೆ ದನ ಅದರ ತವರಿನಲ್ಲೇ ಈಗ ಕಣ್ಣಿಗೆ ಬೀಳುವುದು ಅಪರೂಪ. ಇದನ್ನು ಹೇಳುವಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಗಾವಲಿಗೆ ಬಿಡುವು ಕೊಟ್ಟು ಮಂದೆಯನ್ನು ಸಾಗಿಸುವ ವಿದ್ಯೆಯೂ ನಮಗೆ ಹೊಸದಲ್ಲ. ಮೈಸೂರು ಅರಸರ, ಆಮೇಲೆ ಹೈದರ್ ಟಿಪ್ಪು ಕಾಲದ ಅಮೃತಮಹಲ್ ದನಗಳಿಗೆ ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು, ತುಮಕೂರು ಸೀಮೆಗಳಲ್ಲಿ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು, ಇದ್ದವು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೆ ಕೆರೆಯ ಹಿನ್ನೀರಿನ ಹಸಿರಿರುವ ಇನ್ನೊಂದು. ಟೆಕ್ಸಸ್ಸಿನವರು ಈಗ ಬೇಲಿ ಹಾಕಿ ಭಾಗ ಮಾಡಿ ಸರದಿಯ ಮೇಲೆ ಮೇಯಿಸುವುದೂ ಇದೇ ತತ್ವವೇ. ಆ ಕಾವಲುಗಳಲ್ಲಿ ಬಹಳಷ್ಟನ್ನು ನಾವು ಬೇರೆ ಬೇರೆ ಕೆಲಸಕ್ಕೆ ಹಂಚಿ ಕಳೆದುಕೊಂಡಿದ್ದೇವೆ. ಆ ವಿಚಾರಕ್ಕೆ ಬೇರೆಯೇ ಭಾಷಣ ಬೇಕು.

ಮತ್ತೆ ಟೆಕ್ಸಸ್ಸಿಗೆ ಬರುತ್ತೇನೆ. 2020ರಿಂದ ಮೂರು ವರ್ಷ ಪಶ್ಚಿಮದ ರಾಜ್ಯಗಳಲ್ಲೂ ದಕ್ಷಿಣದ ಬಯಲುಗಳಲ್ಲೂ ಮತ್ತೆ ಬರ. ಮತ್ತೆ ತಾಯಿಹಸುಗಳು ಹರಾಜಿಗೆ ಹೋದವು. 2024ರ ಫೆಬ್ರವರಿ ಕೊನೆಯಲ್ಲಿ ಒಣಹುಲ್ಲಿನ ಬಯಲಿಗೆ ಬೆಂಕಿ ಬಿತ್ತು. ಸ್ಮೋಕ್‌ಹೌಸ್ ಕ್ರೀಕ್ ಎಂದು ಹೆಸರಾದ ಆ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚನ್ನು ಸುಟ್ಟಿತು; ಟೆಕ್ಸಸ್ಸಿನ ಇತಿಹಾಸದಲ್ಲೇ ದೊಡ್ಡದು. ಸಾವಿರಾರು ದನ ಸತ್ತವು. ಬದುಕಿದವುಗಳಲ್ಲೂ ಗೊರಸು, ಕೆಚ್ಚಲು ಸುಟ್ಟವನ್ನು ಆಮೇಲೆ ಸಾಯಿಸಬೇಕಾಯಿತು. ಬರ ತಾಳಲೆಂದು ಹುಲ್ಲು ಉಳಿಸಿದ್ದ ರ‍್ಯಾಂಚುಗಳೂ ಅದರಲ್ಲಿದ್ದವು. ಅದನ್ನು ನೆನೆದರೆ ಮಾತು ನಿಲ್ಲುತ್ತದೆ.

2025ರ ಜನವರಿಯ ಎಣಿಕೆಯಲ್ಲಿ ಅಮೆರಿಕದ ಒಟ್ಟು ದನಗಳ ಸಂಖ್ಯೆ 8 ಕೋಟಿ 67 ಲಕ್ಷ. 1951ರಿಂದ ಅಲ್ಲಿಯವರೆಗೆ ಇಷ್ಟು ಕಡಿಮೆ ಎಂದೂ ಇರಲಿಲ್ಲ. ದಕ್ಷಿಣದಿಂದ ಇನ್ನೊಂದು ಪೀಡೆ ಬಂತು. ಗಾಯಕ್ಕೆ ಹುಳ ಬೀಳುವುದನ್ನು ನಾವು ಕಂಡಿದ್ದೇವೆ. ಸ್ಕ್ರೂವರ್ಮ್ ಎಂಬ ಆ ನೊಣದ ಹುಳು ಜೀವಂತ ಮಾಂಸವನ್ನೇ ಕೊರೆದು ತಿನ್ನುತ್ತದೆ. ಬಂಜೆ ಮಾಡಿದ ಗಂಡು ನೊಣಗಳನ್ನು ಕೋಟಿಗಟ್ಟಲೆ ವಿಮಾನದಿಂದ ಬಿಟ್ಟು ಅದರ ಸಂತಾನವನ್ನು ಮುರಿಯುವ ಉಪಾಯವನ್ನು ನಿಪ್ಲಿಂಗ್, ಬುಶ್‌ಲ್ಯಾಂಡ್ ಎಂಬ ವಿಜ್ಞಾನಿಗಳು ಕಂಡುಹಿಡಿದು, ಕಳೆದ ಶತಮಾನದಲ್ಲೇ ಅದನ್ನು ಅಮೆರಿಕದಿಂದ ಓಡಿಸಿದ್ದರು. 2024ರಲ್ಲಿ ಅದು ಮಧ್ಯ ಅಮೆರಿಕವನ್ನು ದಾಟಿ ಮೆಕ್ಸಿಕೊ ತಲುಪಿತು. ಮೆಕ್ಸಿಕೊದಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕರುಗಳು ಅಮೆರಿಕದ ದೊಡ್ಡಿಗಳಿಗೆ ಬರುತ್ತಿದ್ದವು; 2024ರ ನವೆಂಬರಿನಲ್ಲೊಮ್ಮೆ, 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಗಡಿ ಮುಚ್ಚಿದರು. ಕೊಬ್ಬಿಸಿದ ದನ ನೂರು ಪೌಂಡಿಗೆ 240 ಡಾಲರ್ ಆಸುಪಾಸಿಗೆ ಏರಿತು. ಪೇಟೆಯಲ್ಲಿ ಕೊಚ್ಚಿದ ಮಾಂಸ ಒಂದು ಪೌಂಡಿಗೆ ಆರು ಡಾಲರ್ ದಾಟಿತು. ಜನ ಗೊಣಗಿದರು. 2025ರ ಅಕ್ಟೋಬರಿನಲ್ಲಿ ಅಧ್ಯಕ್ಷ ಟ್ರಂಪ್ ಅರ್ಜೆಂಟೀನಾದಿಂದ ಮಾಂಸ ತರಿಸಿ ಬೆಲೆ ಇಳಿಸುವ ಮಾತಾಡಿದರು. ಆ ಮಾತಿಗೇ ವಾಯಿದಾ ಪೇಟೆಯಲ್ಲಿ ದನದ ದರ ಇಳಿಯಿತು. ಬರದ ವರ್ಷಗಳಲ್ಲಿ ನಷ್ಟ ನುಂಗಿ ನಿಂತವರು, ನಮಗೆ ನಾಲ್ಕು ಕಾಸು ಬರುವ ಕಾಲಕ್ಕೇ ಹೀಗೇಕೆ ಎಂದು ಬಹಿರಂಗವಾಗಿಯೇ ಕೇಳಿದರು. ಅವರ ಪ್ರಶ್ನೆ ನನಗೆ ಸರಿಯಾಗಿಯೇ ಕಾಣುತ್ತದೆ. ಹೊರಗಿನಿಂದ ಬರುವುದು ಹೆಚ್ಚಾಗಿ ಕೊಬ್ಬಿಲ್ಲದ ಮಾಂಸ; ಅಲ್ಲಿನ ಕೊಬ್ಬಿನ ತುಂಡುಗಳ ಜೊತೆ ಅದನ್ನು ಬೆರೆಸಿ ಹ್ಯಾಂಬರ್ಗರಿಗೆ ಕೊಚ್ಚುತ್ತಾರೆ. ಅದು ಸ್ವಲ್ಪ ಕೊರತೆ ತುಂಬಬಹುದು. ಆದರೆ ಯಾವ ಆಜ್ಞೆಯೂ ಕಡಸಿನ ಗಬ್ಬದ ದಿನಗಳನ್ನು ಮೊಟಕು ಮಾಡಲಾರದು.

ಇಂಥ ಬೆಲೆ ಇದ್ದರೂ ದನಗಾರರು ಈ ಸಲ ಹಿಂದಿನಂತೆ ಅವಸರದಿಂದ ಕಡಸು ಕಟ್ಟುತ್ತಿಲ್ಲ. ಬ್ಯಾಂಕಿನ ಬಡ್ಡಿ ಹೆಚ್ಚಿದೆ. ಅಮೆರಿಕದ ರೈತರ ಸರಾಸರಿ ವಯಸ್ಸು 2022ರ ಗಣತಿಯಲ್ಲಿ ಐವತ್ತೆಂಟು ದಾಟಿತ್ತು. ಮೂರು ವರ್ಷದ ಮೇಲೆ ಫಲ ಕೊಡುವ ಕಡಸಿಗಿಂತ ಇವತ್ತೇ ಹಣ ಕೊಡುವ ಹೆಣ್ಣುಕರುವನ್ನು ಮಾರಿ ಹಳೆಯ ಸಾಲ ತೀರಿಸುವುದು ಅನೇಕರಿಗೆ ಸರಿ ಕಾಣುತ್ತದೆ. 2016ರ ಪೆಟ್ಟು ಇನ್ನೂ ಮೈಮೇಲಿದೆ. ನನ್ನನ್ನು ಕೇಳಿದರೆ ಅವರ ಈ ಹಿಂಜರಿಕೆಯಲ್ಲಿ ವಿವೇಕವಿದೆ. ಬರ ತಿಂದ ಗಾವಲಿಗೆ ಇನ್ನೂ ಬೇರು ಬಿಡಲು ಸಮಯ ಬೇಕು. ಹುಲ್ಲುಗಾವಲು ತಜ್ಞರು ಹೇಳುವುದೂ ಇದನ್ನೇ. ಮಳೆ ಬಂದ ಮೊದಲ ವರ್ಷ ಮಂದೆಯನ್ನು ಹಳೆಯ ಸಂಖ್ಯೆಗೆ ಏರಿಸಬಾರದು. ಸ್ವಂತ ತಾಯಿಹಸುಗಳನ್ನು ಗಾವಲು ತಾಳುವಷ್ಟಕ್ಕಿಂತ ಕಡಿಮೆಯೇ ಇಟ್ಟು, ಒಳ್ಳೆಯ ವರ್ಷ ಮಿಕ್ಕ ಹುಲ್ಲಿಗೆ ಬೇರೆಯವರ ಕರುಗಳನ್ನು ಬಾಡಿಗೆಗೆ ಮೇಯಿಸಬೇಕು. ಮಳೆ ಕೈಕೊಟ್ಟರೆ ಆ ಕರುಗಳನ್ನು ವಾರದೊಳಗೆ ವಾಪಸು ಕಳಿಸಬಹುದು; ತಾಯಿಹಸುಗಳು ಇದ್ದಲ್ಲೇ ಇರುತ್ತವೆ. ಟೆಕ್ಸಸ್ಸಿನ ಒಣ ಪಶ್ಚಿಮದಲ್ಲಿ ಹಲವು ಹಳೆಯ ಕುಟುಂಬಗಳು ಈಗ ನಡೆಸುತ್ತಿರುವುದು ಈ ಲೆಕ್ಕದಲ್ಲಿಯೇ.